ತಾಯಿಪಾಲು

“ಗುರುಗಳೇ, ಕಾಡನ್ನು ಚೆನ್ನಾಗಿ ಕಾಯ್ದವರಿಗೆ ಪ್ರಶಸ್ತಿ ಕೊಟ್ಟು ಗೌರವಿಸಿದರೆ ಕಾಡು ಉಳಿಯುತ್ತದಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ. ಮಠದ ತೋಪನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಅಂಥದೊಂದು ಪ್ರಶಸ್ತಿಗೆ ಮಠದ ಹೆಸರು ಕಳಿಸಬೇಕೆಂಬ ಆಸೆ ಅವನಿಗಿತ್ತು.

“ಕೊಡುವವರ ಮನಸ್ಸು ಒಳ್ಳೆಯದೇ ಇರುತ್ತದಪ್ಪ, ಕಷ್ಟ ಇರುವುದೇ ಅಲ್ಲಿ. ಕೆಟ್ಟ ಮನಸ್ಸಾದರೆ ಬಾಗಿಲು ಹಾಕಿಕೊಳ್ಳಬಹುದು. ಕೂತುಕೋ,” ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಜೇನುಗಾರನಿದ್ದ. ಅವನ ಹಾಡಿಯ ಹತ್ತಿರ ಒಂದು ಕಡಿದಾದ ಬಂಡೆ. ಕಾಡು ಹೂ ಬಿಡುವ ಕಾಲಕ್ಕೆ ಹೆಜ್ಜೇನು ವರ್ಷವರ್ಷವೂ ಎಲ್ಲಿಂದಲೋ ಬಂದು ಅಲ್ಲಿ ಹುಟ್ಟು ಕಟ್ಟುತ್ತಿತ್ತು. ಜೇನುಗಾರ ಹಗ್ಗದಲ್ಲಿ ಇಳಿದು ತುಪ್ಪ ಕೊಯ್ಯುತ್ತಿದ್ದ. ಮೇಲೆ ಹಗ್ಗ ಹಿಡಿಯುವವನು ಅವನ ಹೆಂಡತಿಯ ತಮ್ಮ. ಆ ಜನ ಹಗ್ಗಕ್ಕೆ ಒಡಹುಟ್ಟಿದ ಅಣ್ಣನನ್ನೂ ನಂಬುವುದಿಲ್ಲ, ಬಾಮೈದನನ್ನು ನಂಬುತ್ತಾರೆ. ಪಾಲಿನ ಜಗಳದಲ್ಲಿ ಅಣ್ಣನ ಕೈ ಸಡಿಲವಾದರೂ ಆದೀತು, ಅಕ್ಕನ ತಾಳಿ ಹೋಗಲಿ ಎಂದು ಯಾವ ತಮ್ಮನೂ ಹಗ್ಗ ಬಿಡುವುದಿಲ್ಲ.

ಅವರಲ್ಲಿ ಇನ್ನೊಂದು ಕಟ್ಟಳೆಯಿತ್ತು. ಹುಟ್ಟಿನಲ್ಲಿ ತುಪ್ಪ ತುಂಬಿದ ಭಾಗವನ್ನಷ್ಟೇ ಕೊಯ್ಯಬೇಕು. ಮರಿಯಿರುವ ಭಾಗಕ್ಕೆ ಕತ್ತಿ ತಾಗಿಸಬಾರದು. ಅದಕ್ಕೆ ತಾಯಿಪಾಲು ಎನ್ನುತ್ತಿದ್ದರು. ಯಾರೂ ನೋಡದಿದ್ದರೂ ಬಿಡುತ್ತಿದ್ದರು. ಅಷ್ಟು ಎತ್ತರದಲ್ಲಿ ನೋಡುವುದಕ್ಕೆ ಯಾರಿದ್ದರು?

ಹೀಗಿರುವಾಗ ಆ ನಾಡಿನ ಅರಸನಿಗೆ ಕಾಡಿನ ಚಿಂತೆ ಹತ್ತಿತು. ಜೇನಿನ ಬಂಡೆಗಳನ್ನು ಅರಮನೆಯಿಂದ ಗುತ್ತಿಗೆ ಹಿಡಿದವರು ಬೆಂಕಿ ಹಾಕಿ ಹುಟ್ಟುಗಳನ್ನು ಇಡಿಯಾಗಿ ಕೆಡವುತ್ತಿದ್ದರು. ಗುತ್ತಿಗೆಯನ್ನೇ ನಿಲ್ಲಿಸಬಹುದಿತ್ತಲ್ಲ ಎನ್ನಬೇಡ. ನಿಲ್ಲಿಸುವುದು ಕಷ್ಟ, ಸನ್ಮಾನ ಮಾಡುವುದು ಸುಲಭ. ಅರಸ ಡಂಗುರ ಹೊಡೆಸಿದ. ಯಾರು ಕಾಡಿಗೆ ಹೆಚ್ಚು ಬಿಟ್ಟಿದ್ದಾರೋ ಅವರಿಗೆ ವನಬಂಧು ಎಂಬ ಬಿರುದು. ಅವರ ಬಂಡೆಗೆ ಇನ್ನು ಮುಂದೆ ಯಾರೂ ಕೈ ಹಾಕಕೂಡದು ಎಂದು ಶಾಸನ.

ಜೇನುಗಾರನಿಗೆ ಬಿರುದು ಬೇಕಿರಲಿಲ್ಲ, ಶಾಸನ ಬೇಕಿತ್ತು. ಬರುವ ವರ್ಷ ಅವನ ಬಂಡೆಯೂ ಗುತ್ತಿಗೆಗೆ ಹೋಗುವುದಿತ್ತು. ಆ ಬೆಂಕಿಯನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಎರಡು ದಿನ ನಡೆದು ಆಸ್ಥಾನಕ್ಕೆ ಹೋದ.

“ಎಲ್ಲಾ ಹುಟ್ಟಲ್ಲೂ ತಾಯಿಪಾಲು ಬಿಟ್ಟಿದೀನಿ ಬುದ್ಧಿ. ಬಂಡೆ ಮೇಲೈತೆ, ಬಂದು ನೋಡಿ.”

“ಈ ವಯಸ್ಸಿನಲ್ಲಿ ನಾನು ಹಗ್ಗದಲ್ಲಿ ಜೋತಾಡಲೇನಯ್ಯಾ? ಬಿಟ್ಟದ್ದನ್ನು ಇಲ್ಲಿಗೆ ತಾ, ತೂಗಿ ನೋಡುತ್ತೇನೆ,” ಎಂದ ಬಿರುದಿನ ಲೆಕ್ಕ ನೋಡುತ್ತಿದ್ದ ಅಧಿಕಾರಿ. ಅವನೇನೂ ಕೆಟ್ಟವನಲ್ಲ. ಕಣ್ಣಿಗೆ ಕಾಣದ್ದನ್ನು ಅಳೆಯಲು ಅವನಿಗೆ ಬರುತ್ತಿರಲಿಲ್ಲ, ಅಷ್ಟೆ.

ಜೇನುಗಾರ ಮರಳಿ ಬಂದು ಮೂರು ದಿನ ಬಂಡೆಯ ಬುಡದಲ್ಲಿ ಕೂತ. ಇದೊಂದು ವರ್ಷದ ಮರಿ ಹೋದರೆ ಹೋಯಿತು, ಮುಂದಿನ ನೂರು ವರ್ಷದ ಮರಿ ಉಳಿಯುತ್ತದಲ್ಲ ಎಂದುಕೊಂಡ. ಯೋಚಿಸಿದಷ್ಟೂ ಅದೇ ಸರಿ ಎನಿಸಿತು. ನಾಲ್ಕನೆಯ ದಿನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿದ.

ಮೇಲಿನಿಂದ ಬಾಮೈದ ಕೂಗಿದ: “ಭಾವ, ಅದು ತಾಯಿಪಾಲಲ್ವಾ?”

“ಅದನ್ನ ಉಳಿಸೋಕೇ ಕಣೋ ಕೊಯ್ತಿರೋದು. ಹಗ್ಗ ಗಟ್ಟಿಯಾಗಿ ಹಿಡಿ.”

ಬಾಮೈದ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು, ಆದರೆ ಕೆಳಗೆ ತೂಗುತ್ತಿದ್ದವನು ಅಕ್ಕನ ಗಂಡ.

ಬುಟ್ಟಿ ಹೊತ್ತು ಹೊರಟಾಗ ಒಂದಷ್ಟು ಜೇನು ಅವನ ಹಿಂದೆಯೇ ಹಾರಿ ಬಂದು ಕಾಡಿನ ಅಂಚಿನಲ್ಲಿ ನಿಂತುಬಿಟ್ಟವು. ಒಂದೂ ಕಚ್ಚಲಿಲ್ಲ. ಕಚ್ಚಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಮೊದಲ ದಿನ ಬಿಳಿಯ ಮರಿಗಳು ಬುಟ್ಟಿಯೊಳಗೆ ಮಿಸುಕಾಡುತ್ತಿದ್ದವು. ಎರಡನೆಯ ದಿನ ಮಿಸುಕಾಡಲಿಲ್ಲ. ಅವನು ಮೇಲೆ ಸೊಪ್ಪು ಮುಚ್ಚಿಕೊಂಡು ನಡೆದ.

ಆಸ್ಥಾನದಲ್ಲಿ ತೂಗಿದರು. ಅವನಷ್ಟು ಬಿಟ್ಟವರು ನಾಡಿನಲ್ಲೇ ಇರಲಿಲ್ಲ. “ಅಬ್ಬಾ, ಇಷ್ಟನ್ನೂ ಬಿಟ್ಟಿದ್ದನೇ!” ಎಂದು ಜನ ಬೆರಗಾದರು. ತಕ್ಕಡಿಗೆ ಬಂದ ಮೇಲೆ ಅದು ಬಿಟ್ಟದ್ದು ಹೇಗಾಯಿತು ಎಂದು ಒಬ್ಬರೂ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಸಭೆ ಅದು. ಅರಸನೇ ಎದ್ದು ಬಂದು ಶಾಲು ಹೊದಿಸಿದ. ಜೇನುಗಾರ ಆ ಶಾಲನ್ನು ತೆಗೆದು ತಕ್ಕಡಿಯಲ್ಲಿದ್ದ ಮರಿಗಳ ಮೇಲೆ ಹೊದಿಸಿದ. ವಿನಯಕ್ಕೆ ಹೀಗೆ ಮಾಡಿದ ಎಂದು ಸಭೆ ಚಪ್ಪಾಳೆ ತಟ್ಟಿತು.

ಬಂಡೆಯ ಮುಂದೆ ಶಾಸನದ ಕಲ್ಲು ನಿಂತಿತು, ಕಾವಲಿಗೆ ಇಬ್ಬರು ಬಂದರು. ಗುತ್ತಿಗೆಯವರು ದೂರದಿಂದಲೇ ಓದಿ ತಿರುಗಿ ಹೋದರು.

ಮರುವರ್ಷ ಕಾಡು ಹೂ ಬಿಟ್ಟಿತು. ಜೇನುಗಾರ ದಿನವೂ ಹೋಗಿ ಬಂಡೆಯ ಕೆಳಗೆ ಕೂತು ಮೇಲೆ ನೋಡಿದ. ಹೂ ಉದುರಿತು, ಜೇನು ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಮರಿ ಕಳೆದುಕೊಂಡ ಜಾಗಕ್ಕೆ ಹೆಜ್ಜೇನು ಮರಳುವುದಿಲ್ಲ ಎಂಬುದು ಅವನ ಹಾಡಿಯಲ್ಲಿ ಹಸುಗೂಸಿಗೂ ಗೊತ್ತಿದ್ದ ಮಾತು, ಅವನಿಗೂ ಗೊತ್ತಿತ್ತು, ಬೆಂಕಿಯ ಭಯದಲ್ಲಿ ಮರೆತಿದ್ದ. ಶಾಸನ ಬಂಡೆಗೆ ಮಾತ್ರ, ಜೇನಿಗಲ್ಲ ಎಂಬುದು ಹೊಳೆದಿರಲಿಲ್ಲ. ಅವನು ಬಂಡೆಗೆ ಕೆನ್ನೆಯೊತ್ತಿ, ಮಗುವನ್ನು ಮಣ್ಣು ಮಾಡಿ ಬಂದವನ ಹಾಗೆ ಅತ್ತ. ಕಾವಲಿನವರು ಬಂದು, ಬಂಡೆಯನ್ನು ಮುಟ್ಟಬಾರದು ಎಂದು ಅವನನ್ನು ಎಬ್ಬಿಸಿ ಕಳಿಸಿದರು.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಅಷ್ಟಕ್ಕೆ ಬಿಡಲು ಮನಸ್ಸಾಗಲಿಲ್ಲ. “ಆದರೂ ಗುರುಗಳೇ, ಅರಸ ಕೊಟ್ಟ ಮಾತು ಉಳಿಸಿಕೊಂಡನಲ್ಲ?” ಎಂದ.

“ಉಳಿಸಿಕೊಂಡನಪ್ಪ. ಆ ಬಂಡೆಯನ್ನು ಅಂದಿನಿಂದ ಯಾರೂ ಮುಟ್ಟಿಲ್ಲ, ಜೇನು ಕೂಡ.”