ಪೆಲಾಜಿಯಮ್ಮನವರು ಗಂಟೆ ನಿಲ್ಲಿಸಿದ ದಿನ

ಫ್ರಾನ್ಸ್ ದೇಶದ ನಡುಭಾಗದಲ್ಲಿ, ಎಂದೋ ಬೆಂಕಿಯುಗುಳಿ ಈಗ ತಣ್ಣಗಾಗಿರುವ ಬೆಟ್ಟಗಳ ನೆತ್ತಿಯ ಮೇಲೆ ಪೆರ್ವಿಯಾ ಎಂಬ ಹಳ್ಳಿಯಿತ್ತು. ಹಳ್ಳಿ ಎಂದರೆ ಹದಿನಾಲ್ಕು ಮನೆ, ಅಷ್ಟೇ. ಗೋಡೆ ಕರಿಕಲ್ಲಿನದು, ಮಾಡಿಗೆ ಹೊದಿಸಿದ್ದೂ ಕಲ್ಲಿನ ಹಲಗೆಯೇ. ಚರ್ಚಿಲ್ಲ, ಪಾದ್ರಿಗಳಿಲ್ಲ, ಭಾನುವಾರದ ಪೂಜೆಗೆ ಎರಡು ಹರದಾರಿ ನಡೆಯಬೇಕು. ಅಂಥ ಊರಿನ ನಟ್ಟನಡುವೆ, ಒಂದೇ ಕೋಣೆಯ ಮನೆಯಲ್ಲಿ ಪುಣ್ಯವತಿ ಪೆಲಾಜಿಯಮ್ಮನವರು ವಾಸವಾಗಿದ್ದರು. ಮಠದ ಕಟ್ಟುಪಾಡಿಲ್ಲದ, ಆದರೆ ದೇವರಿಗೇ ಮುಡಿಪಾದ ಬದುಕು ಅವರದು. ಮಕ್ಕಳಿಗೆ ಅಕ್ಷರ ಮತ್ತು ಜಪ, ಹೆಂಗಸರಿಗೆ ನೂಲಿನ ಲೇಸು ಹೆಣೆಯುವ ಕೆಲಸ ಕಲಿಸುತ್ತ, ಊರವರು ಕೊಟ್ಟ ಒಣರೊಟ್ಟಿಯನ್ನು ಚನ್ನಂಗಿ ಬೇಳೆಯ ಸಾರಿನಲ್ಲಿ ಅದ್ದಿ ಉಣ್ಣುತ್ತ ಮೂವತ್ತು ವರ್ಷ ಕಳೆದಿದ್ದರು. ಲೇಸು ಹೆಣೆಯುವುದೂ ಲೇಸಾಗಿ ಬಾಳುವುದೂ ಕನ್ನಡದಲ್ಲಿ ಒಂದೇ ಮಾತು. ಆ ತಾಯಿಗೆ ಕನ್ನಡ ಬಾರದಿದ್ದರೂ ಅದು ತಿಳಿದಿತ್ತು.

ಅವರ ಮನೆಯ ಮಾಡಿನ ತುದಿಯಲ್ಲಿ, ಪುಟ್ಟ ಕಲ್ಲುಕಮಾನಿನಲ್ಲಿ ಊರಿನ ಗಂಟೆ ತೂಗುತ್ತಿತ್ತು. ಅದರ ಹಗ್ಗ ಕೋಣೆಯೊಳಗೇ ಇಳಿದಿತ್ತು. ಈ ಗಂಟೆಗೊಂದು ಕಥೆಯಿದೆ. ಹಿಂದೆ ರಾಜನನ್ನು ಇಳಿಸಿದ ಕ್ರಾಂತಿಯ ಕಾಲದಲ್ಲಿ ಸಿಪಾಯಿಗಳು ಬಂದು ಬೆಟ್ಟದ ಊರುಗಳ ಗಂಟೆಗಳನ್ನೆಲ್ಲ ಫಿರಂಗಿ ಎರಕಕ್ಕೆಂದು ಹೊತ್ತೊಯ್ದರು. ಕಾಲ ತಿಳಿಯಾದ ಮೇಲೆ ಪೆರ್ವಿಯಾದವರೂ ಕಮರಿಯಾಚೆಯ ಕೊಸ್ತಾದ್ ಊರಿನವರೂ ಮನೆಮನೆಯ ಹಳೆಯ ತಾಮ್ರದ ಪಾತ್ರೆ ಕೂಡಿಹಾಕಿ, ಒಂದೇ ಕುಲುಮೆಯಲ್ಲಿ ಕರಗಿಸಿ, ಒಂದೇ ಅಚ್ಚಿನಲ್ಲಿ ಎರಡು ಗಂಟೆ ಎರೆಸಿದರು. ಅಕ್ಕತಂಗಿಯರಂತೆ ಎರಡಕ್ಕೂ ಒಂದೇ ದನಿ. ಆ ದನಿಯ ಬಗ್ಗೆ ಎರಡೂ ಊರಿಗೆ ಹೆಮ್ಮೆಯಿತ್ತು.

ಅಲ್ಲಿ ಚಳಿಗಾಲದಲ್ಲಿ ಬೀಸುವ ಗಾಳಿಗೆ ಬುರ್ಲ್ ಎನ್ನುತ್ತಾರೆ. ಆಕಾಶದಿಂದ ಬಿದ್ದ ಹಿಮ ಸಾಲದೆಂಬಂತೆ ನೆಲದ ಹಿಮವನ್ನೂ ಎಬ್ಬಿಸಿ ಮುಖಕ್ಕೆರಚುವ ಗಾಳಿ ಅದು. ಹಾಡುಹಗಲಲ್ಲೇ ಚಾಚಿದ ಕೈ ಕಾಣುವುದಿಲ್ಲ. ಆಗ ದಾರಿಯಲ್ಲಿರುವವನಿಗೆ ಗಂಟೆಯ ದನಿಯೊಂದೇ ದಿಕ್ಕು. ಹೊರಗೆ ಹೋದವರು ಮರಳುವ ತನಕ ಗಂಟೆ ನಿಲ್ಲಿಸಕೂಡದು; ಮರಳಿದರೆ ಮೂರು ಮೂರು ಪೆಟ್ಟು ಬಾರಿಸಿ ತಿಳಿಸಬೇಕು. ಆ ಮೂರರ ಪೆಟ್ಟಿಲ್ಲದೆ ಗಂಟೆ ನಿಂತಿತೆಂದರೆ, ಹೋದವರ ಆಸೆ ಬಿಟ್ಟರು ಎಂದು ಅರ್ಥ.

ಮಾಡಿನ ಕಲ್ಲು ಸೀಳುವ ಬಾರ್ತೆಲೆಮಿಗೆ ಈ ಗಂಟೆ ಎಂದರೆ ಎದೆಯ ಹುಣ್ಣು. ಹನ್ನೊಂದು ವರ್ಷದ ಹಿಂದೆ ಅವನ ತಮ್ಮ ಫಿರ್ಮೆನ್ ಪೇಟೆಯಿಂದ ಬರುವಾಗ ಬುರ್ಲ್‌ಗೆ ಸಿಕ್ಕಿದ್ದ. ಬಾರ್ತೆಲೆಮಿ ಒಂದು ಹಗಲು ಒಂದು ರಾತ್ರಿ ಹಗ್ಗ ಎಳೆದ. ಪೆಲಾಜಿಯಮ್ಮನವರೂ ಜೊತೆಗೆ ಎಳೆದರು. ಫಿರ್ಮೆನ್ ಸಿಕ್ಕಿದ್ದು ಎರಡು ಊರುಗಳ ನಡುವಿನ ಕಮರಿಯ ತಳದಲ್ಲಿ. ಪೇಟೆಯ ದಾರಿ ಕೊಸ್ತಾದ್ ಮಗ್ಗುಲಿಂದಲೇ ಹಾದು ಬರುತ್ತದೆ. ಅಲ್ಲಿನವರು ಅವರ ಗಂಟೆ ಬಾರಿಸಿದ್ದರೆ ನನ್ನ ತಮ್ಮ ಉಳಿಯುತ್ತಿದ್ದ, ಅವರು ಬಾರಿಸಲಿಲ್ಲ, ನಾನೇ ಕಿವಿಯಾರೆ ಬಲ್ಲೆ ಎಂದು ಅವನು ಎಲ್ಲರ ಮುಂದೆ ಹೇಳಿದ. ಕಮರಿ ದಾಟೆನೆಂದು ಆಣೆಯಿಟ್ಟು ಅಂದಿನಿಂದ ಅತ್ತ ಹೋಗಲಿಲ್ಲ. ಜಪಕ್ಕೂ ಕೂರಲಿಲ್ಲ. ಅಮ್ಮನವರ ಮನೆ ಮುಂದೆ ಹಾಯುವಾಗ ಟೊಪ್ಪಿಗೆ ತೆಗೆಯುತ್ತಿದ್ದ, ಬಾಯಿ ತೆರೆಯುತ್ತಿರಲಿಲ್ಲ.

ತಾಯಿಯಿಲ್ಲದ ಒಬ್ಬಳೇ ಮಗಳು ಒಕ್ತಾವಿ ಅವನ ಪ್ರಾಣ. ಆ ವರ್ಷ ಜನವರಿಯ ಒಂದು ಬೆಳಗ್ಗೆ, ತಿಳಿಯಾದ ಆಕಾಶ ನೋಡಿ, ಹದಿನೇಳರ ಆ ಹುಡುಗಿ ಹೆಂಗಸರು ಹೆಣೆದ ಲೇಸನ್ನು ಪೇಟೆಗೆ ಮುಟ್ಟಿಸಲು ಹೊರಟಳು. ಮಧ್ಯಾಹ್ನ ಅವಳು ಮರಳುವ ಹೊತ್ತಿಗೆ ಬಡಗಣ ಬೆಟ್ಟ ಕಾಣದಾಯಿತು. ನೋಡನೋಡುತ್ತಲೇ ಎದುರುಮನೆಯೂ ಕಾಣದಾಯಿತು.

ಬಾರ್ತೆಲೆಮಿ ಗೋಡೆ ತಡವುತ್ತ ಅಮ್ಮನವರ ಮನೆ ಹೊಕ್ಕು ಹಗ್ಗಕ್ಕೆ ಕೈಹಾಕಿದ. ಯಾರ ಮಾತೂ ಅವನಿಗೆ ಬೇಕಿರಲಿಲ್ಲ. ಒಂದು ತಾಸು ಎಳೆದ, ಎರಡು ತಾಸು ಎಳೆದ. ಬಾಗಿಲ ಸಂದಿಯಿಂದ ಹಿಮ ಒಳಗೆ ಹರಿದು ನೆಲದ ಮೇಲೆ ಗೆರೆಯಾಗಿ ಕೂತಿತು. ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಗೋಡೆಗಂಟಿ ನಿಂತರು. ಯಾರೂ ಅವನ ಮುಖ ನೋಡುವ ಧೈರ್ಯ ಮಾಡಲಿಲ್ಲ. ಹಗ್ಗ ಜಗ್ಗಿದಾಗಲೆಲ್ಲ ಅವನಿಗೆ ಕಮರಿಯ ತಳ ಕಾಣುತ್ತಿತ್ತು. ತಮ್ಮನ ಹೆಪ್ಪುಗಟ್ಟಿದ ರೆಪ್ಪೆ ಕಾಣುತ್ತಿತ್ತು.

ಆಗ ಪೆಲಾಜಿಯಮ್ಮನವರು ಎದ್ದು ಶಾಲು ಹೊದ್ದು ಒಬ್ಬರೇ ಹೊರಗೆ ಹೋದರು. ಅರವತ್ತೆಂಟರ ಮುದುಕಿ ಈ ಗಾಳಿಯಲ್ಲಿ ಎಲ್ಲಿ ಹೋದರೋ ಎಂದು ಹೆಂಗಸರು ಕಂಗಾಲಾದರು. ಅವರು ಊರಂಚಿನವರೆಗೂ ತಡವರಿಸಿ ನಡೆದು, ಕಮರಿಯ ಕಡೆಗೆ ಕಿವಿಗೊಟ್ಟು ನಿಂತಿದ್ದರು. ಮರಳಿದಾಗ ಹುಬ್ಬು ಬೆಳ್ಳಗಾಗಿತ್ತು, ತುಟಿ ನೀಲಿಯಾಗಿತ್ತು.

“ಬಾರ್ತೆಲೆಮಿ, ಹಗ್ಗ ಬಿಡಪ್ಪ,” ಎಂದರು.

ಅವನು ಕೇಳದವನಂತೆ ಎಳೆದ. ಅವರು ಹತ್ತಿರ ಬಂದು ಹಗ್ಗವನ್ನು ಹಿಡಿದರು.

“ಅಮ್ಮನವರೇ, ಬಿಟ್ಟರೆ ನನ್ನ ಮಗಳು ಸತ್ತಳು ಎಂದು ನಾನೇ ಸಾರಿದಂತೆ.”

“ಬಿಡು. ಅವಳನ್ನು ಎರಡು ಕಡೆಯಿಂದ ಕರೆಯಬಾರದು.”

ಆ ಮಾತಿನ ಅರ್ಥ ಅವನಿಗೆ ಹೊಳೆಯಲಿಲ್ಲ. ಆದರೆ ಆ ಕಣ್ಣುಗಳಲ್ಲಿ ಕಂಡದ್ದಕ್ಕೆ ಎದುರಾಡಲಾಗಲಿಲ್ಲ. ಕೈ ತಾನಾಗಿ ಸಡಿಲವಾಯಿತು. ಅಮ್ಮನವರು ಹಗ್ಗವನ್ನು ಗೂಟಕ್ಕೆ ಸುತ್ತಿ, ತಮ್ಮ ಜಪಸರವನ್ನು ಅವನ ಬೊಬ್ಬೆಯೆದ್ದ ಅಂಗೈಯಲ್ಲಿಟ್ಟು ಮೊಣಕಾಲೂರಿದರು.

ಗಂಟೆ ನಿಂತಿತು. ಹಿಂದೆ ನಿಂತಿದ್ದ ಹೆಂಗಸೊಬ್ಬಳು ಸತ್ತವರಿಗಾಗಿ ಹೇಳುವ ಜಪವನ್ನು ಮೆಲ್ಲಗೆ ಆರಂಭಿಸಿದಳು. ಅಮ್ಮನವರು ಕೈಯೆತ್ತಿ ತಡೆದರು. ಬಾರ್ತೆಲೆಮಿ ಬಾಗಿಲು ತೆರೆದು ಗಾಳಿಯಲ್ಲಿ ನಿಂತ. ಕಿವಿಯಲ್ಲಿ ಇನ್ನೂ ತನ್ನದೇ ಗಂಟೆಯ ಗುಂಗು. ಅದು ಇಳಿಯುತ್ತ ಬಂತು. ಅದರ ಹಿಂದಿನಿಂದ, ತೀರ ಆಳದಿಂದ, ಅದೇ ದನಿ ಮತ್ತೆ ಕೇಳಿಸಿತು. ತನ್ನ ಗಂಟೆಯಲ್ಲ. ಕಮರಿಯಾಚೆಯದು.

ಕೊಸ್ತಾದ್ ಬಾರಿಸುತ್ತಿತ್ತು.

ಎಷ್ಟು ಹೊತ್ತಿನಿಂದ ಬಾರಿಸುತ್ತಿತ್ತೋ ಅವನಿಗೆ ತಿಳಿಯದು. ತಾನು ಹಗ್ಗ ಎಳೆಯುವವನಿಗೆ ಇನ್ನೊಬ್ಬರ ಗಂಟೆ ಹೇಗೆ ಕೇಳೀತು? ಆ ಗಳಿಗೆಯಲ್ಲಿ ಹನ್ನೊಂದು ವರ್ಷದ ಹಿಂದಿನ ರಾತ್ರಿ ಅವನ ಮುಂದೆ ಬಂದು ನಿಂತಿತು. ಅಂದೂ ಅದು ಬಾರಿಸಿತ್ತು. ಅಣ್ಣನ ಗಂಟೆ ಈಚೆಯಿಂದ, ಕೊಸ್ತಾದ್ ಗಂಟೆ ಆಚೆಯಿಂದ, ಎರಡಕ್ಕೂ ಒಂದೇ ದನಿ, ನಡುವೆ ದಿಕ್ಕುಗಾಣದ ತಮ್ಮ, ಕಾಲಡಿಗೆ ಕಮರಿ. ಹೊಸ್ತಿಲ ಮೇಲೆಯೇ ಕುಸಿದು ಕುಳಿತ.

ಆಚೆಯ ಗಂಟೆ ಬಹಳ ಹೊತ್ತು ಬಾರಿಸಿತು. ಆಮೇಲೆ ತಟ್ಟನೆ ನಿಂತಿತು.

ಗಂಟೆ ಏಕೆ ನಿಂತಿತು? ಅವಳು ಸೇರಿದಳೋ, ಅವರು ಆಸೆ ಬಿಟ್ಟರೋ? ಬಾರ್ತೆಲೆಮಿಯ ತುಟಿಗೆ ಹನ್ನೊಂದು ವರ್ಷ ಬಾರದಿದ್ದ ದೇವರ ಹೆಸರು ಬಂತು. ಇಂದು ನನ್ನನ್ನು ತೆಗೆದುಕೋ, ಅವಳನ್ನು ಬಿಡು ಎಂದು ಬೇಡಿಕೊಂಡ. ಗಾಳಿ ಮಾತ್ರ ಊಳಿಡುತ್ತಿತ್ತು. ಆಮೇಲೆ ಕಮರಿಯಾಚೆಯಿಂದ ಮೂರು ಪೆಟ್ಟು. ಮತ್ತೆ ಮೂರು. ಮತ್ತೆ ಮೂರು.

ಪೆಲಾಜಿಯಮ್ಮನವರು ಮೊಣಕಾಲ ಮೇಲೆಯೇ ಇದ್ದರು. ಅವರ ಕೆನ್ನೆಯ ಮೇಲೆ ಹರಿದದ್ದು ಕರಗಿದ ಹಿಮವಲ್ಲ ಎಂಬುದನ್ನು ಎಲ್ಲರೂ ಕಂಡರು.

ಮರುದಿನ ಗಾಳಿ ಅಡಗಿತು. ಬಾರ್ತೆಲೆಮಿ ತನ್ನ ಆಣೆ ಮುರಿದು ಕಮರಿ ದಾಟಿದ. ಕೊಸ್ತಾದ್‌ನಲ್ಲಿ ಗಾಸ್ಪಾರ್ ಎಂಬ ಮುದುಕನ ಒಲೆಯ ಮುಂದೆ ಒಕ್ತಾವಿ ಕಂಬಳಿ ಹೊದ್ದು ಕುಳಿತಿದ್ದಳು. ಅಪ್ಪನನ್ನು ತಬ್ಬಿಕೊಂಡು, ಎರಡೂ ಕಡೆಯಿಂದ ಗಂಟೆ ಕೇಳುತ್ತಿತ್ತು, ಅತ್ತ ಎರಡು ಹೆಜ್ಜೆ ಇತ್ತ ಎರಡು ಹೆಜ್ಜೆ ಇಟ್ಟು ಅಂಚಿನಲ್ಲೇ ನಿಂತುಬಿಟ್ಟಿದ್ದೆ, ಒಂದು ಗಂಟೆ ನಿಂತ ಮೇಲೆ ಉಳಿದದ್ದರ ಕಡೆಗೆ ನಡೆದೆ ಎಂದಳು. ಗಾಸ್ಪಾರನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು, ಬಟ್ಟೆ ಕೆಂಪಾಗಿತ್ತು.

“ನಿಮ್ಮ ತಮ್ಮ ಹೋದ ದಿನವೂ ಹೀಗೇ ಬಾರಿಸಿದ್ದೆವು,” ಎಂದ ಮುದುಕ. “ನಿಮಗೆ ಕೇಳಿಸಲಿಲ್ಲವೆಂದು ಈಗ ತಿಳಿಯಿತು.”

ಬಾರ್ತೆಲೆಮಿ ಆ ಬಟ್ಟೆ ಸುತ್ತಿದ ಕೈಗಳನ್ನು ಹಿಡಿದು ಹಣೆಗೊತ್ತಿಕೊಂಡ.

ಮಗಳನ್ನು ಮನೆ ಸೇರಿಸಿ ನೇರವಾಗಿ ಅಮ್ಮನವರ ಬಳಿಗೆ ಬಂದ. ನನ್ನ ತಮ್ಮನನ್ನು ನಾನೇ ಕಮರಿಗೆ ಕರೆದೆ ಎಂದು ಮಗುವಿನಂತೆ ಅತ್ತ. ಅವರು ಸಮಾಧಾನದ ಮಾತು ಹೇಳಲಿಲ್ಲ. ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಂಡು, “ಅಂದು ನಾನೂ ಹೊರಗೆ ಬಂದು ಕಿವಿಗೊಡಲಿಲ್ಲ, ಮಗನೇ. ಇಬ್ಬರೂ ಸೇರಿ ಕ್ಷಮೆ ಕೇಳೋಣ,” ಎಂದರು.

ಆ ಸಂಜೆ ಅವನು ಜಪಕ್ಕೆ ಕುಳಿತ. ವಾರದೊಳಗೆ ಎರಡೂ ಊರಿನವರನ್ನು ಅವನೇ ಸೇರಿಸಿ ಕಟ್ಟಳೆ ಮಾಡಿಸಿದ: ಪೇಟೆಯ ದಾರಿಯಲ್ಲಿ ಬರುವವರಿಗೆ ಕೊಸ್ತಾದ್ ಬಾರಿಸಬೇಕು, ಹುಲ್ಲುಗಾವಲಿನಿಂದ ಬರುವವರಿಗೆ ಪೆರ್ವಿಯಾ; ಒಂದು ಬಾರಿಸುವಾಗ ಇನ್ನೊಂದು ಸುಮ್ಮನಿರಬೇಕು. ಆಮೇಲೆ ಆ ಕಮರಿ ಯಾರನ್ನೂ ನುಂಗಲಿಲ್ಲ ಎಂದು ಹಿರಿಯರು ಹೇಳುತ್ತಾರೆ.

ಆರು ವರ್ಷದ ಮೇಲೆ, ಮೇ ತಿಂಗಳಲ್ಲಿ ಪೆಲಾಜಿಯಮ್ಮನವರು ದೇವರ ಪಾದ ಸೇರಿದರು. ಮಣ್ಣು ಮಾಡುವ ದಿನ ಎಳೆಬಿಸಿಲು ಬಿದ್ದಿತ್ತು. ಬಾರ್ತೆಲೆಮಿ ಊರಂಚಿಗೆ ಹೋಗಿ ಪೇಟೆಯ ದಾರಿ ನೋಡಿದ, ಹುಲ್ಲುಗಾವಲಿನ ದಾರಿ ನೋಡಿದ. ಯಾರೂ ಇರಲಿಲ್ಲ, ಆಚೆಯ ಗಂಟೆಗೆಂದು ಉಳಿದ ಗಾಸ್ಪಾರನನ್ನು ಬಿಟ್ಟು ಎರಡೂ ಊರಿನವರೆಲ್ಲ ಆ ಒಂದು ಕೋಣೆಯ ಮನೆಯ ಮುಂದೆ ನೆರೆದಿದ್ದರು. ಒಳಗೆ ಬಂದು ಗೂಟದಿಂದ ಹಗ್ಗ ಬಿಚ್ಚಿ ಒಂದು ಪೆಟ್ಟು ಬಾರಿಸಿದ. ನಿಲ್ಲಿಸಿ, ಬಾಗಿಲಿಗೆ ಬಂದು ಕಿವಿಗೊಟ್ಟ. ಕಮರಿಯಾಚೆಯಿಂದ ಗಾಸ್ಪಾರನ ಒಂದು ಪೆಟ್ಟು ಬಂತು. ಅದು ಪೂರ್ತಿ ಅಡಗುವವರೆಗೆ ಕಾದು, ಆಮೇಲೆ ತನ್ನದನ್ನು ಬಾರಿಸಿದ.