ಹೊಳೆಗೆ ಬಿಟ್ಟ ಗರಿ, ಡಿಸ್ಕಿಗೆ ಬಿಟ್ಟ ಪದ

ಹೊಳೆದಂಡೆಯ ಆಶ್ರಮವೊಂದರಲ್ಲಿ ಕಂಪ್ಯೂಟರು ನಿಧಾನವಾಯಿತು.

ಆಶ್ರಮದಲ್ಲಿ ನಿಧಾನಕ್ಕೆ ಒಳ್ಳೆಯ ಹೆಸರಿದೆ. ಹಾಗಾಗಿ ಬಹಳ ದಿನ ಯಾರೂ ಅದನ್ನು ದೋಷವೆಂದು ತಿಳಿಯಲಿಲ್ಲ.

ಅದರೊಳಗೆ ಮೂಲಗುರುಗಳ ತತ್ವಪದಗಳಿದ್ದವು. ತಾಳೆಗರಿಯಿಂದ ಅವನ್ನು ಇಳಿಸಿಕೊಂಡವನು ಶಿಷ್ಯ ಸೋಮಲಿಂಗ. ಇಳಿಸಿ ಮುಗಿದ ದಿನ, ಪದ್ಧತಿಯಂತೆ, ಗರಿಗಳಿಗೆ ಆರತಿ ಮಾಡಿ ಹೊಳೆಗೆ ಬಿಟ್ಟರು. ಹೊಸ ಪ್ರತಿ ಆದ ಮೇಲೆ ಹಳೆಯದು ಉಳಿಯಬಾರದು. ಎರಡು ಪ್ರತಿ ಇದ್ದರೆ ಎರಡು ಮಠವಾಗುತ್ತವೆ ಎಂಬುದು ಹಿರಿಯರ ಅನುಭವ.

ಅದೇ ಪದ್ಧತಿಯಂತೆ ಸೋಮಲಿಂಗ ಕಂಪ್ಯೂಟರಿನ ಪದಗಳಿಗೂ ಇನ್ನೊಂದು ಪ್ರತಿ ಮಾಡಿರಲಿಲ್ಲ.

ಒಂದು ಬೆಳಿಗ್ಗೆ ಪದಗಳ ಕಡತ ತೆರೆಯಲು ಒತ್ತಿ ಸ್ನಾನಕ್ಕೆ ಹೋದ. ಪೂಜೆ ಮುಗಿಸಿ ಬಂದರೂ ಅದು ತೆರೆಯುತ್ತಲೇ ಇತ್ತು.

"ಅಜ್ಜಾರ, ಕಂಪ್ಯೂಟರ್ ಭಾಳ ನಿಧಾನ ಆಗೈತ್ರಿ."

ಆಶ್ರಮದ ಈಗಿನ ಗುರುಗಳು ಹೂವು ಬಿಡಿಸುತ್ತಿದ್ದರು. "ಕಡೀಕ ತೆರೀತೈತೇನು?"

"ತೆರೀತೈತ್ರಿ, ಒಂದೊಂದ ಪದ. ಒಳಗ ಕಟ್ ಕಟ್ ಅಂತ ಸಪ್ಪಳ ಬರ್ತೈತಿ."

"ಹಂಗಾರ ಕುಂತು ಬರಕೋ."

"ಎರಡು ಪ್ರತಿ ಆಕ್ಕಾವಲ್ರಿ?"

"ಆಗ್ಲಿ. ಹಿರಿಯರಿಗೆ ನಾ ಹೇಳ್ಕೋತೀನಿ."

"ಮೊದಲು ರಿಪೇರಿ ಮಾಡ್ತೀನ್ರಿ. ಆಮ್ಯಾಲೆ ಸಲೀಸ ಬರಕೋಬಹುದು."

ಸೋಮಲಿಂಗ ಧೂಳು ಒರೆಸಿದ. ಪರದೆಯ ಮೇಲಿದ್ದ ಮೂಲಗುರುಗಳ ಭಾವಚಿತ್ರ ಭಾರವಾಗಿರಬಹುದೆಂದು ತೆಗೆದ. ವೈರಸ್ ಹುಡುಕಿಸಿದ, ಸಿಗಲಿಲ್ಲ. ಭಕ್ತರೊಬ್ಬರು ಹೊಸ ಮೆಮೊರಿ ದಾನ ಕೊಟ್ಟರು. ಅದನ್ನು ಹಾಕಿದ ಮೇಲೆ ಕಂಪ್ಯೂಟರು ಮೊದಲಿನಷ್ಟೇ ನಿಧಾನವಾಗಿ, ದಾನಿಯ ಹೆಸರು ಹೊತ್ತು ನಡೆಯಿತು.

ಗುರುಗಳು ಬಾಗಿಲಲ್ಲಿ ನಿಂತು ಸಪ್ಪಳ ಕೇಳಿದರು.

"ಸೋಮಲಿಂಗ, ಸಾಯೋ ಮನಶ್ಯಾ ತಡವರಿಸಿ ಮಾತಾಡಾಕತ್ತಾನ. ಕಾಲು ಒತ್ತತೀಯೋ, ಕಿವಿ ಕೊಡ್ತೀಯೋ?"

"ಡಾಕ್ಟರ್ ಕಡೆ ಒಯ್ತೀನ್ರಿ."

ಗುರುಗಳು ಪೂಜೆಗೆ ಹೋದರು.

ಮರುದಿನ ಸೋಮಲಿಂಗ ತಾನೇ ಡಾಕ್ಟರಾಗಿ, ಪದಗಳಿದ್ದ ಡಿಸ್ಕನ್ನು ಪೂರ್ತಿ ತಪಾಸಣೆಗೆ ಹಚ್ಚಿದ. ದೋಷಗಳಿವೆ, ಸರಿಪಡಿಸಲೇ ಎಂದು ಕಂಪ್ಯೂಟರು ಕೇಳಿತು. ಅಷ್ಟು ವಿನಯದಿಂದ ಅದು ಹಿಂದೆಂದೂ ಏನನ್ನೂ ಕೇಳಿರಲಿಲ್ಲ. ಹೌದು ಎಂದು ಒತ್ತಿದ.

ಡಿಸ್ಕು ತನ್ನ ಮೂಲೆಮೂಲೆಯನ್ನೂ ತಡಕಾಡಿತು. ಊಟದ ಹೊತ್ತಿಗೆ ಸಪ್ಪಳ ನಿಂತಿತು. ಗುಣವಾಯಿತೆಂದು ತಿಳಿದು ಸೋಮಲಿಂಗ ನೆಮ್ಮದಿಯಿಂದ ಉಂಡ.

ಉಂಡು ಬಂದು ಒತ್ತಿದರೆ ಕಡತ ತೆರೆಯಲೇ ಇಲ್ಲ. ಪೇಟೆಯ ಕಂಪ್ಯೂಟರ್ ಅಂಗಡಿಯವನು ಡಿಸ್ಕನ್ನು ದೊಡ್ಡ ಊರಿಗೆ ಕಳಿಸಿ ತರಿಸಿದ. "ಒಳಗಿನ ತಟ್ಟೆ ಗೀರಿ ಹೋಗೈತ್ರಿ ಸ್ವಾಮ್ಯಾರ. ಏನೂ ಬರೂದಿಲ್ಲ. ಇದ್ದಷ್ಟು ಜೀವ ನಿಮ್ಮ ತಪಾಸಣಿಗೇ ಹೋತು," ಎಂದು ಅದನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಸೋಮಲಿಂಗ ಆಶ್ರಮಕ್ಕೆ ಬಂದು ಗುರುಗಳ ಕಾಲ ಬಳಿ ಕುಸಿದು ಕುಳಿತ.

"ಪದ ಎಲ್ಲಾ ಹೋದವ್ರಿ ಅಜ್ಜಾರ."

ಗುರುಗಳು ಕಾಗದ ಬಿಚ್ಚಿ ಡಿಸ್ಕನ್ನು ಅಂಗೈಯಲ್ಲಿ ಇಟ್ಟುಕೊಂಡರು.

"ನಿಮಗ ಬಾಯಿಪಾಠ ಇದ್ವಲ್ರಿ?"

"ಇದ್ದವು. ನೀ ಕಂಪ್ಯೂಟರಿನ್ಯಾಗ ಇಟ್ಟಿ ಅಂತ ನಿರುಂಬಳ ಆದೆ."

"ಒಂದೂ ನೆನಪಿಲ್ಲೇನ್ರಿ?"

"ಮೊದಲ ಸಾಲು ಎಲ್ಲಾವೂ ಬರ್ತಾವ."

ಒಂದನ್ನು ಹಾಡಿದರು. ಮೊದಲ ಸಾಲು ಮುಗಿಯಿತು. ಸೋಮಲಿಂಗ ಮುಂದಿನ ಸಾಲಿಗೆ ಕಾದ. ಗುರುಗಳೂ ಕಾಯುತ್ತಿದ್ದರು.

"ನನ್ನಿಂದ ಆತ್ರಿ," ಎಂದು ಶಿಷ್ಯ ಅತ್ತ.

ಗುರುಗಳು ಇಲ್ಲವೆನ್ನಲಿಲ್ಲ. "ನಾನೂ ಅವತ್ತು ನಿನ್ನ ಕೈ ಹಿಡಿದು ಕುಂದರಸಬೇಕಿತ್ತು. ಉಪಮಾನ ಹೇಳಿ ಹೋದೆ," ಎಂದರು.

ಹೊರಗೆ ಸಂಜೆಯ ಪ್ರವಚನಕ್ಕೆ ಭಕ್ತರು ಬಂದು ಕೂರುತ್ತಿದ್ದರು. ಗುರುಗಳು ಶಲ್ಯ ಹೊದ್ದು ಎದ್ದರು.

"ಮೂಲಗುರುಗಳ ಪದಾನ ಇಲ್ಲ. ಏನು ಹೇಳ್ತೀರಿ ಅಜ್ಜಾರ?"

"ಅರ್ಥ ಹೇಳ್ತೀನಿ."

"ಪದ ಇಲ್ಲದ ಅರ್ಥ ಹೆಂಗ ಹೇಳೂದ್ರಿ?"

"ಅದು ಸುಲಭ ಐತಿ. ನಾ ಹೇಳಿದ್ದು ತಪ್ಪು ಅನ್ನಾಕ ಇನ್ನ ಯಾರೂ ಉಳಿದಿಲ್ಲ."