ಕೀಲಿ ತೆಗೆಯಿರಿ

ಚಹಾ ಕುಡಿಯುತ್ತ ಕೇಳಿ: ಊರೂರಿನ ಕಂಪ್ಯೂಟರುಗಳಲ್ಲಿ ಕೂತು ಜಗತ್ತಿನ ಕ್ರಿಪ್ಟೋ ನಾಣ್ಯಗಳನ್ನೆಲ್ಲ ನಡೆಸುವ 'ನೋಡ್' ತಂತ್ರಾಂಶ ಬರೆದವನು ನಾನೇ. ಸುಳ್ಳು ಬಿಡಿ, ಅಂಥದೊಂದು ಮುಕ್ತ ತಂತ್ರಾಂಶದ ಕೈಪಿಡಿಯಲ್ಲಿ ಒಂದು ಸಾಲು ತಿದ್ದಿದ್ದೇನೆ, ಅಷ್ಟೇ.

ಆ ತಂತ್ರಾಂಶ ಒಂದು ದಿನ ಕೈಪಿಡಿಯನ್ನು ಹಂಗಿಸಿತು: "ಹಗಲಿರುಳು ದುಡಿಯುವವನು ನಾನು. ನೀನು ಸುಮ್ಮನೆ ಬಿದ್ದುಕೊಂಡಿರುತ್ತೀಯ."

ಅಷ್ಟರಲ್ಲಿ ಮೈಸೂರಿನ ಕಂಪ್ಯೂಟರೊಂದು ಕೇಳಿತು: "ಸ್ವಾಮಿ, 'ಹೊಸ ಆವೃತ್ತಿ ಹಾಕುವ ಮುನ್ನ ಕೀಲಿ ತೆಗೆಯಿರಿ' ಅಂತ ಕೈಪಿಡಿಯಲ್ಲಿ ಬರೆದಿದೆ. ನಮ್ಮ ಯಜಮಾನತಿ ಪುಟ್ಟತಾಯಮ್ಮನವರ ನಾಣ್ಯಕ್ಕೆಲ್ಲ ಇರೋದು ಇದೊಂದೇ ಕೀಲಿ, ಇದು ಹೋದರೆ ನಾಣ್ಯವೂ ಹೋದಂತೆ. ಅಳಿಸಿಬಿಡಲಾ?"

"ಬರೆದ ಹಾಗೆ ಮಾಡು!" ಎಂದಿತು ತಂತ್ರಾಂಶ.

"ತಡಿಯಪ್ಪಾ!" ಕೈಪಿಡಿ ಕೂಗಿತು. "ಆ ಸಾಲು ಬರೆದವನು ಹುಬ್ಬಳ್ಳಿಯವನು. ಅವರ ಕಡೆ ಕೀಲಿ ಅಂದರೆ ಬೀಗ, ತೆಗೆ ಅಂದರೆ ತೆರೆ. ನೀನು ಬೀಗ ತೆರೆದರೆ ಸಾಕು, ಕೀಲಿಕೈ ಮುಟ್ಟಬೇಡ."

ಪುಟ್ಟತಾಯಮ್ಮನ ನಾಣ್ಯ ಉಳಿಯಿತು. ತಂತ್ರಾಂಶಕ್ಕೆ ಬೆವರಿಳಿಯಿತು. "ನೀನು ತಡೆಯದಿದ್ದರೆ ನಾನು ಹಿಂದೆಮುಂದೆ ನೋಡದೆ ಅಳಿಸುತ್ತಿದ್ದೆನಲ್ಲೋ ತಮ್ಮಾ!"

"ಅದಕ್ಕೇ ಅಣ್ಣಾ, ನಾನು ಬಿದ್ದುಕೊಂಡಿರುವುದು," ಎಂದು ಕೈಪಿಡಿ ಎದೆಯುಬ್ಬಿಸಿತು.

ಈಗ ಆ ಸಾಲಿನಲ್ಲಿ 'ಬೀಗ ತೆರೆಯಿರಿ' ಅಂತಿದೆ. ಹೆಮ್ಮೆಯಿಂದ ಹೇಳುತ್ತೇನೆ, ತಿದ್ದಿದವನು ನಾನು. ಮೊದಲು 'ಕೀಲಿ' ಅಂತ ಬರೆದ ಹುಬ್ಬಳ್ಳಿಯವನು ಯಾರು ಅಂತ ಮಾತ್ರ ಕೇಳಬೇಡಿ. ಚಹಾದ ದುಡ್ಡು ನೀವೇ ಕೊಟ್ಟುಬಿಡಿ.